ಬೆಳಿಗ್ಗೆ ಹರಿದ ಕಾಂಕ್ರೀಟ್ ಮಧ್ಯಾಹ್ನ ಗುಡ್ಡೆ ನಿಂತಿತು, ಯಾಕೆ?

ಕೇಳಿದವರು, ತುಮಕೂರು:
ಹೋದ ವಾರ ಮನೆಗೆ ಮೋಲ್ಡ್ ಹಾಕಿಸಿದೆವು. ನೀರು ಹೆಚ್ಚಿಸದೆ ಕಾಂಕ್ರೀಟ್ ಹರಿಯುವಂತೆ ಮಾಡುವ ಲಿಕ್ವಿಡ್, ಅಂದರೆ ಸೂಪರ್ ಪ್ಲಾಸ್ಟಿಸೈಸರ್, ಮೂಟೆಗೆ ಇಷ್ಟು ಅಂತ ಒಂದೇ ಅಳತೆ. ಬೆಳಿಗ್ಗೆ ಸಲೀಸಾಗಿ ಹರಡಿತು. 12 ಗಂಟೆಗೆ ಬಾಂಡ್ಲಿಯಿಂದ ಸುರಿದರೆ ಗುಡ್ಡೆ ಹಾಗೇ ನಿಂತಿತು. ಮೇಸ್ತ್ರಿ ನೀರು ಬಿಡೋಣ ಅಂದರು. ಲಿಕ್ವಿಡ್ ಕೆಟ್ಟಿತ್ತಾ? ಏಪ್ರಿಲ್‌ನಲ್ಲಿ ಮಹಡಿ ಮೋಲ್ಡ್ ಇದೆ.

ಪಾವಗಡದಿಂದ:
ಲಿಕ್ವಿಡ್ ಕೆಟ್ಟಿರಲಿಕ್ಕಿಲ್ಲ, ಬಿಸಿಲಿನ ಕೆಲಸ ಇದು. ಲಿಕ್ವಿಡ್ ಸಿಮೆಂಟ್ ಕಣಗಳಿಗೆ ಅಂಟಿಕೊಂಡು ಅವು ಗಂಟಾಗದ ಹಾಗೆ ನೋಡಿಕೊಳ್ಳುತ್ತದೆ. ಬಿಸಿ ಏರಿದರೆ ಸಿಮೆಂಟ್ ನೀರಿನ ಜೊತೆ ಬೇಗ ಕೂಡಿ, ಕಣದ ಮೇಲೆ ಹೊಸ ಪದರ ಬೆಳೆದು ಲಿಕ್ವಿಡನ್ನೇ ಮುಚ್ಚಿಬಿಡುತ್ತದೆ. ನೀರೂ ಆವಿಯಾಗುತ್ತದೆ. ಆಗ ಸುಮ್ನೆ ನೀರು ಬಿಟ್ಟರೆ ಕಾಂಕ್ರೀಟ್‌ನ ಬಲವೇ ಹೋಗುತ್ತದೆ. ನಮ್ಮ ಕಡೆ ಜಲ್ಲಿ ಮುಟ್ಟಿದರೆ ಕೈ ಸುಡುತ್ತದೆ. ಹಿಂದಿನ ಸಂಜೆಯೇ ಜಲ್ಲಿಗೆ ನೀರು ಚಿಮುಕಿಸಿ ಒದ್ದೆ ಗೋಣಿಚೀಲ ಹೊದಿಸುತ್ತೇವೆ. ಬಿಸಿಲಿಗೆ ಕಾದ ಕಪ್ಪು ಟ್ಯಾಂಕಿನ ನೀರು ಮುಟ್ಟುವುದಿಲ್ಲ. ನೀರಿಗೆ ಐಸ್ ಹಾಕಿದರೆ ಅದನ್ನೂ, ಜಲ್ಲಿಯ ಒದ್ದೆಯನ್ನೂ ನೀರಿನ ಲೆಕ್ಕದಿಂದ ಕಳೆಯಬೇಕು. ಇದನ್ನು ಮರೆಯುವವರೇ ಜಾಸ್ತಿ.
ಲಿಕ್ವಿಡ್ ಹೆಚ್ಚಿಸುವುದಕ್ಕೂ ಮಿತಿ ಇದೆ. ಕಾಂಕ್ರೀಟ್‌ನ ಭಾರತೀಯ ಮಾನದಂಡ ಐಎಸ್ 456 (2000) ಪ್ರಕಾರ ಸೂಪರ್ ಪ್ಲಾಸ್ಟಿಸೈಸರ್ ಸಾಮಾನ್ಯವಾಗಿ ಸಿಮೆಂಟಿನ ತೂಕದ ಶೇ. 2 ದಾಟಬಾರದು, ಅಂದರೆ 50 ಕೆಜಿ ಮೂಟೆಗೆ 1 ಕೆಜಿ. ಕಾಂಕ್ರೀಟ್ ಗಟ್ಟಿಯಾಗುವುದನ್ನು ತಡ ಮಾಡುವ ರಿಟಾರ್ಡರ್‌ಗೆ ಶೇ. 0.5. ಡಬ್ಬಿಯ ಮೇಲೆ ಅದಕ್ಕಿಂತ ಕಡಿಮೆ ಬರೆದಿದ್ದರೆ ಅದೇ ಸರಿ.

ಚಿಕ್ಕಬಳ್ಳಾಪುರದಿಂದ:
ನಮ್ಮದು ಉಲ್ಟಾ ಕಥೆ. ನಂದಿ ಬೆಟ್ಟದ ಬುಡ, ಡಿಸೆಂಬರ್, ಬೆಳಿಗ್ಗೆ 6 ಗಂಟೆ. ಪಿಸಿಇ (ಒಂದು ಬಗೆಯ ಸೂಪರ್ ಪ್ಲಾಸ್ಟಿಸೈಸರ್) ಲಿಕ್ವಿಡ್ ಹಾಕಿದರೂ ಮಿಕ್ಸರ್‌ನಲ್ಲಿ ಗಟ್ಟಿಯೇ ಕಂಡಿತು. ಅವಸರಕ್ಕೆ ಇನ್ನೊಂದಿಷ್ಟು ಸುರಿದೆ. ಚಳಿಯಲ್ಲಿ ಅದು ನಿಧಾನವಾಗಿ ಕೆಲಸ ಶುರು ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ನೀರು ಮೇಲೆ, ಜಲ್ಲಿ ತಳಕ್ಕೆ! ಸಂಜೆಯಾದರೂ ಬೆರಳಿನ ಗುರುತು ಮೂಡುತ್ತಿತ್ತು. ಬೇಸಿಗೆಯಲ್ಲಿ ಉಳಿದ ರಿಟಾರ್ಡರ್ ಇರುವ ಡಬ್ಬಿಯನ್ನೇ ಬಳಸಿದ್ದು ಇನ್ನೊಂದು ತಪ್ಪು. ಸೆಂಟ್ರಿಂಗ್ ಬಿಚ್ಚುವುದನ್ನು ಮುಂದಕ್ಕೆ ಹಾಕಿದೆವು. ಬಾಡಿಗೆ ದಂಡ, ಮನೆಯವಳ ಬೈಗುಳ ಬೇರೆ.

ಕೋಲಾರದಿಂದ:
ರಿಟಾರ್ಡರ್ ಹಾಕಿದೆ ಅಂತ ನಿಶ್ಚಿಂತೆ ಬೇಡ. ಒಳಗೆ ಹಸಿ, ಮೇಲೆ ಗಾಳಿಗೆ ಒಣಗಿ ಬಿರುಕು, ನಮಗೆ ಹಾಗೇ ಆಯಿತು. ಲೆವೆಲ್ ಮಾಡಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಅಳತೆ ನೋಡಲು ಮೊದಲೇ ಮಾಡುವ ಟ್ರಯಲ್ ಕೂಡ ದಿನದಲ್ಲಿ ಮೋಲ್ಡ್ ಹಾಕುವ ಹೊತ್ತಲ್ಲೇ ಮಾಡಿ. ತಂಪಲ್ಲಿ ನೋಡಿದ ಅಳತೆ ಬಿಸಿಲಿಗೆ ಹೊಂದುವುದಿಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಬೆಳಗಿನ ಜಾವ 5ಕ್ಕೇ ಶುರು ಮಾಡೋಣ್ವಾ ಅಂತ ಮೇಸ್ತ್ರಿಗೆ ಕೇಳಿದೆ. "ತಿಂಡಿ ನಿಮ್ದೇ ಆದ್ರೆ 4ಕ್ಕೇ ಬರ್ತೀವಿ ಸಾರ್" ಅಂದರು.