ಓಡುತ್ತಿರುವ ವಿಎಂಗೆ ಸ್ನ್ಯಾಪ್‌ಶಾಟ್ ತೆಗೆಯಲು ಹೋದರೆ 'ರೈಟ್ ಲಾಕ್' ಎರರ್

ಪ್ರಶ್ನೆ:
ಕೆವಿಎಂ (ಲಿನಕ್ಸ್‌ನಲ್ಲಿ ವರ್ಚುವಲ್ ಮೆಷಿನ್, ಅಂದರೆ ವಿಎಂ, ಓಡಿಸುವ ವ್ಯವಸ್ಥೆ) ಮೇಲೆ ಒಂದು ಲಿನಕ್ಸ್ ಗೆಸ್ಟ್ (ಒಳಗೆ ಓಡುವ ವಿಎಂ) ಇದೆ, ಅದರ ಡಿಸ್ಕ್ ಡಿಬಿ.ಕ್ಯೂಕೌ2 ಅನ್ನುವ ಇಮೇಜ್ ಫೈಲ್. ಡೇಟಾಬೇಸ್ ಅಪ್‌ಗ್ರೇಡ್‌ಗೆ ಮುಂಚೆ ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಸ್ಥಿತಿ) ಇಟ್ಟುಕೊಳ್ಳೋಣ ಅಂತ ಹೋಸ್ಟ್‌ನಲ್ಲಿ (ವಿಎಂ ಓಡಿಸುವ ಮೆಷಿನ್ನಿನಲ್ಲಿ) 'ಕ್ಯೂಎಮು-ಇಮೇಜ್ ಸ್ನ್ಯಾಪ್‌ಶಾಟ್ -ಸಿ' ಕೊಟ್ಟೆ. 'ಫೇಲ್ಡ್ ಟು ಗೆಟ್ ರೈಟ್ ಲಾಕ್' ಅಂತ ಬರುತ್ತಿದೆ. ಗೆಸ್ಟ್ ಆಫ್ ಮಾಡುವ ಹಾಗಿಲ್ಲ. ಲಾಕ್ ತಪ್ಪಿಸುವ ಆಪ್ಷನ್ ಇದೆಯಾ?

ಉತ್ತರ:
ತಪ್ಪಿಸೋಕೆ ಹೋಗಲೇಬೇಡಿ. ಆ ಲಾಕ್ ಇರುವುದು ನಿಮ್ಮ ಡಿಸ್ಕ್ ಉಳಿಸೋಕೆ. ಓಡುತ್ತಿರುವ ಗೆಸ್ಟ್ ಒಂದು ಕಡೆಯಿಂದ ಬರೆಯುತ್ತಿರುವಾಗ ಹೊರಗಿನ ಟೂಲ್ ಅದೇ ಫೈಲಿನ ಟೇಬಲ್ (ಯಾವ ಡೇಟಾ ಎಲ್ಲಿದೆ ಅನ್ನುವ ಪಟ್ಟಿ) ತಿದ್ದಿದರೆ ಇಡೀ ಇಮೇಜ್ ಕೆಡಬಹುದು. ವಿಎಂ ಓಡಿಸುವ ಪ್ರೋಗ್ರಾಂ ಆದ ಕ್ಯೂಎಮುವಿನ 2.10 ಆವೃತ್ತಿಗಿಂತ ಹಿಂದೆ ಈ ತಡೆ ಇರಲಿಲ್ಲ, ಹಾಗಾಗಿ ಹಳೇ ಗೈಡ್‌ಗಳಲ್ಲಿ ಈ ಕಮ್ಯಾಂಡ್ ಸುಮ್ನೆ ಬರೆದುಬಿಟ್ಟಿರುತ್ತಾರೆ. '-ಯು' ಅಂತ ಒಂದು ಆಪ್ಷನ್ ಇದೆ ನಿಜ, ಆದರೆ ಅದು ನೋಡೋಕೆ ಮಾತ್ರ.

ಗೆಸ್ಟ್ ಓಡುತ್ತಿದ್ದರೆ ವರ್ಶ್ (ವಿಎಂಗಳನ್ನು ನಿಭಾಯಿಸುವ ಕಮ್ಯಾಂಡ್) ಮೂಲಕವೇ ಕೇಳಿ. 'ಗೆಸ್ಟ್' ಇರುವಲ್ಲಿ ನಿಮ್ಮ ವಿಎಂ ಹೆಸರು ಹಾಕಿ, 'ಮುಂಚೆ' ಅನ್ನುವುದು ಸ್ನ್ಯಾಪ್‌ಶಾಟ್‌ನ ಹೆಸರು:

ವರ್ಶ್ ಸ್ನ್ಯಾಪ್‌ಶಾಟ್-ಕ್ರಿಯೇಟ್-ಆಸ್ ಗೆಸ್ಟ್ ಮುಂಚೆ --ಡಿಸ್ಕ್-ಓನ್ಲಿ --ಅಟಾಮಿಕ್ --ಕ್ವಯೆಸ್ --ನೋ-ಮೆಟಾಡೇಟಾ

ಇದು ನಕಲು ಮಾಡುವುದಿಲ್ಲ. ಹಳೇ ಫೈಲನ್ನು ಇದ್ದ ಹಾಗೇ ನಿಲ್ಲಿಸಿ, ಪಕ್ಕದಲ್ಲಿ ಡಿಬಿ.ಮುಂಚೆ ಅಂತ ಹೊಸ ಫೈಲ್ ತೆರೆಯುತ್ತದೆ. ಇನ್ನು ಮುಂದೆ ಬರೆಯುವುದೆಲ್ಲ ಅದರೊಳಗೆ. 'ವರ್ಶ್ ಡೊಂಬ್ಲ್ಕ್‌ಲಿಸ್ಟ್ ಗೆಸ್ಟ್' ಕೊಟ್ಟು ನೋಡಿ, ವಿಡಿಎ (ಗೆಸ್ಟ್‌ನ ಡಿಸ್ಕ್) ಎದುರಿಗೆ ಹೊಸ ಹೆಸರು ಕಾಣಬೇಕು. ಇದಾದ ಮೇಲೆ ಡಿಬಿ.ಕ್ಯೂಕೌ2 ಅನ್ನು ಓದಿ, ಕಾಪಿ ಮಾಡಿ, ಆದರೆ ಒಂದಕ್ಷರ ಬರೆಯಬೇಡಿ. ಅದರ ಮೇಲೇ ಹೊಸ ಫೈಲ್ ನಿಂತಿದೆ.

ಕೇಳಿದವರು:
'ಗೆಸ್ಟ್ ಏಜೆಂಟ್ ಈಸ್ ನಾಟ್ ಕನೆಕ್ಟೆಡ್' ಅಂತ ಬಂತು. ಕ್ವಯೆಸ್ ತೆಗೆದುಬಿಡಲಾ?

ಉತ್ತರ:
ತೆಗೆದರೂ ಸ್ನ್ಯಾಪ್‌ಶಾಟ್ ಆಗುತ್ತದೆ, ಆದರೆ ಅದು ಓಡುತ್ತಿದ್ದ ಮೆಷಿನ್ನಿನ ಕರೆಂಟ್ ಕಿತ್ತ ಹಾಗಿನ ಸ್ಥಿತಿ. ನಿಮ್ಮದು ಡೇಟಾಬೇಸ್ ಅಲ್ವಾ, ಗೆಸ್ಟ್ ಒಳಗೆ ಕ್ಯೂಎಮು-ಗೆಸ್ಟ್-ಏಜೆಂಟ್ ಹಾಕಿ ಸರ್ವಿಸ್ ಶುರು ಮಾಡಿ. ಕ್ವಯೆಸ್ ಕೇಳಿದಾಗ ಕ್ಷಣ ಹೊತ್ತು ಫೈಲ್‌ಸಿಸ್ಟಮ್ ಹಿಡಿದಿಟ್ಟು ಬಿಡುವುದು ಅದರ ಕೆಲಸ.

ಇನ್ನೊಬ್ಬರು:
ವಾಪಸ್ ಸೇರಿಸುವುದನ್ನೂ ಹೇಳಿಬಿಡಿ, ಅಲ್ಲೇ ಜಾಸ್ತಿ ಜನ ಎಡವುವುದು.

ಉತ್ತರ:
ಅಪ್‌ಗ್ರೇಡ್ ಸರಿಯಾಗಿ ಆದರೆ:

ವರ್ಶ್ ಬ್ಲಾಕ್‌ಕಮಿಟ್ ಗೆಸ್ಟ್ ವಿಡಿಎ --ಆಕ್ಟಿವ್ --ಪಿವಟ್ --ವರ್ಬೋಸ್

ಹೊಸ ಫೈಲಿನಲ್ಲಿರುವುದು ಹಳೇದಕ್ಕೆ ಇಳಿಯುತ್ತದೆ, ಗೆಸ್ಟ್ ಮತ್ತೆ ಹಳೇ ಫೈಲಿಗೆ ಬರುತ್ತದೆ. ಡೊಂಬ್ಲ್ಕ್‌ಲಿಸ್ಟ್‌ನಲ್ಲಿ ಡಿಬಿ.ಕ್ಯೂಕೌ2 ಕಂಡ ಮೇಲೆ ಮಾತ್ರ ಡಿಬಿ.ಮುಂಚೆ ಅಳಿಸಿ. ಅಪ್‌ಗ್ರೇಡ್ ಕೆಟ್ಟರೆ ಗೆಸ್ಟ್ ನಿಲ್ಲಿಸಿ, 'ವರ್ಶ್ ಎಡಿಟ್'ನಲ್ಲಿ ಡಿಸ್ಕ್ ದಾರಿಯನ್ನು ಹಳೇ ಫೈಲಿಗೆ ತಿರುಗಿಸಿ. ಸ್ನ್ಯಾಪ್‌ಶಾಟ್ ಆದ ಮೇಲೆ ಬರೆದದ್ದೆಲ್ಲ ಹೋಯಿತು ಅಂತಲೇ ಲೆಕ್ಕ. ವಾಪಸ್ ಸೇರಿಸದೆ ವಾರಗಟ್ಟಲೆ ಹಾಗೇ ಬಿಡಬೇಡಿ, ಹೊಸ ಫೈಲ್ ಬೆಳೆದು ಹೋಸ್ಟ್‌ನ ಜಾಗ ತುಂಬಿದರೆ ಗೆಸ್ಟ್ ನಿಂತುಬಿಡುತ್ತದೆ.

ಇನ್ನೊಬ್ಬರು:
ಇದನ್ನೇ ಬ್ಯಾಕಪ್ ಅಂದುಕೊಳ್ಳಬೇಡಿ. ಎರಡೂ ಫೈಲ್ ಒಂದೇ ಡಿಸ್ಕಿನಲ್ಲಿವೆ. ಸ್ನ್ಯಾಪ್‌ಶಾಟ್ ಆದ ತಕ್ಷಣ ಡಿಬಿ.ಕ್ಯೂಕೌ2 ಅನ್ನು ಬೇರೆ ಮೆಷಿನ್ನಿಗೆ ಕಾಪಿ ಮಾಡಿ, ಆಮೇಲೆ ಬ್ಲಾಕ್‌ಕಮಿಟ್ ಕೊಡಿ.

ಕೇಳಿದವರು:
ಏಜೆಂಟ್ ಹಾಕಿದ ಮೇಲೆ ಆಯಿತು. ಕಾಪಿ ಓಡುತ್ತಿದೆ, ಅದು ಮುಗಿದ ಮೇಲೆ ಅಪ್‌ಗ್ರೇಡ್ ಶುರು ಮಾಡುತ್ತೇನೆ.