ಕವರತ್ತಿನಾ ಪೋರ್ಟ್ ಬ್ಲೇರಾ, ವಯಸ್ಸಾದವ್ರು ಮಕ್ಕಳು ಇರೋ ಮನೆಗೆ ಯಾವ್ದು ವಾಸಿ?

ಪುತ್ತೂರು_ಸುಮಾ:
ನಮ್ಮನೆಯವ್ರದ್ದು ಸೆಂಟ್ರಲ್ ಗವರ್ನಮೆಂಟ್ ನೌಕರಿ, ಈ ಸಲ ದ್ವೀಪದ ಪೋಸ್ಟಿಂಗ್ ತಪ್ಪಲ್ಲ, ಲಕ್ಷದ್ವೀಪದ ಕವರತ್ತಿ ಇಲ್ಲಾ ಅಂಡಮಾನಿನ ಪೋರ್ಟ್ ಬ್ಲೇರ್ ಯಾವ್ದಾದ್ರೂ ಒಂದು ಬರ್ಕೊಡಿ ಅಂದಿದ್ದಾರೆ. ಮಗಳು ಐದನೇ ಕ್ಲಾಸು, ಅತ್ತೆಗೆ ಶುಗರ್ ಇದೆ, ಹಾರ್ಟ್ ಪ್ರಾಬ್ಲಮ್ಮೂ ಇದೆ. ಮ್ಯಾಪಲ್ಲಿ ಕವರತ್ತಿ ಮಂಗ್ಳೂರಿಗೆ ಹತ್ರ ಕಾಣತ್ತೆ, ಅದಕ್ಕೆ ನಂಗೆ ಆ ಕಡೆನೇ ಮನಸ್ಸು. ಇದ್ದು ಬಂದವ್ರು ಯಾರಾದ್ರೂ ದಿನದ ಜೀವನ ಹೇಗಿರತ್ತೆ ಅಂತ ಹೇಳ್ತೀರಾ?

ಹಳೆಬಂದರು:
ಅಕ್ಕ, ಮ್ಯಾಪ್ ನಂಬಬೇಡಿ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳೆಲ್ಲ 1956ರ ತನಕ ನಮ್ಮ ಸೌತ್ ಕೆನರಾಕ್ಕೇ ಸೇರಿದ್ವು, ಈಗ್ಲೂ ಮಂಗ್ಳೂರು ಹಳೆ ಬಂದರಿಂದ ಮಂಜಿಗಳಲ್ಲಿ, ಅಂದ್ರೆ ಸರಕು ಸಾಗಿಸೋ ಸಣ್ಣ ಹಡಗುಗಳಲ್ಲಿ, ಸಿಮೆಂಟು, ಜಲ್ಲಿ, ತರಕಾರಿ ಹೋಗತ್ತೆ, ನಮ್ಮನೆಯವ್ರದ್ದೂ ಅದೇ ವ್ಯಾಪಾರ. ಆದ್ರೆ ಜನ ಓಡಾಡೋದು ಹೆಚ್ಚಾಗಿ ಕೊಚ್ಚಿಯಿಂದ. ವಿಮಾನ ಇಳಿಯೋದು ಅಗತ್ತಿಲಿ, ಅಲ್ಲಿಂದ ಕವರತ್ತಿಗೆ ಮತ್ತೆ ಬೋಟು ಇಲ್ಲಾ ಹೆಲಿಕಾಪ್ಟರು. ಮಳೆಗಾಲ ಶುರುವಾದ್ರೆ ಮಂಜಿ ಬಂದ್, ಅದಕ್ಕೇ ಮೇ ತಿಂಗಳಲ್ಲಿ ಅಕ್ಕಿ, ಈರುಳ್ಳಿ, ಆಲೂಗಡ್ಡೆ ಮೂಟೆ ಮೂಟೆ ಲೋಡ್ ಆಗತ್ತೆ, ಆಮೇಲೆ ಹಸಿ ತರಕಾರಿ ಸಿಕ್ಕಿದ್ದೇ ಪುಣ್ಯ.

ನಂದಿನಿ_ಹಾಸನ:
ನಾವು ಪೋರ್ಟ್ ಬ್ಲೇರಲ್ಲಿ ಇದ್ವಿ, 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸ್ರು ಬದಲಾಯ್ತಲ್ಲ ಅದೇ ಊರು. ದ್ವೀಪ ಅಂತ ಅನ್ಸೋದೇ ಇಲ್ಲ, ಬಸ್ಸು, ಮಾರ್ಕೆಟ್ಟು, ಮೆಡಿಕಲ್ ಕಾಲೇಜು ಎಲ್ಲ ಇದೆ, ಚೆನ್ನೈಗೆ ಡೈರೆಕ್ಟ್ ಫ್ಲೈಟ್ ಇದೆ, 2020ರಲ್ಲಿ ಸಮುದ್ರದಡಿ ಕೇಬಲ್ ಬಂದ್ಮೇಲೆ ನೆಟ್ಟೂ ಸರಿಹೋಯ್ತು. ಕಷ್ಟ ಅಂದ್ರೆ ನೀರು. ಬೇಸಿಗೇಲಿ ನಮ್ಮ ಬಾಡಿಗೆ ಮನೆಗೆ ದಿನ ಬಿಟ್ಟು ದಿನ ಬರ್ತಿತ್ತು, ಅದೂ ಸ್ವಲ್ಪ ಹೊತ್ತು, ನೀಲಿ ಡ್ರಮ್ಮು, ಬಕೆಟ್ಟು, ಕುಕ್ಕರ್ ತನಕ ತುಂಬಿಸಿ ಇಟ್ಕೊಳ್ತಿದ್ದೆ. ಮನೆ ನೋಡುವಾಗ ಹಾಲು, ಬೆಡ್‌ರೂಮು ಆಮೇಲೆ, ಮೊದ್ಲು ಟ್ಯಾಂಕ್ ಎಷ್ಟು ದೊಡ್ಡದು ನೋಡಿ. ಚಳಿಗಾಲದಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು, ಮಕ್ಕಳಿಗೆ ಆಡೋಕೆ ಟೈಮೇ ಸಿಗಲ್ಲ.

ರಶೀದ್_ಉಳ್ಳಾಲ:
ಕವರತ್ತಿಲಿ ಕೆಲಸ ಮಾಡಿದವನು ನಾನು, ಆ ಊರಿನ ಪರವಾಗಿ ಎರಡು ಮಾತು ಹೇಳ್ಲೇಬೇಕು ಮೇಡಂ. ಇಡೀ ದ್ವೀಪ ನಾಲ್ಕು ಚದರ ಕಿಲೋಮೀಟರ್ ಚಿಲ್ಲರೆ, ಮಗಳು ಸೈಕಲಲ್ಲಿ ಒಬ್ಳೇ ಸ್ಕೂಲಿಗೆ ಹೋಗಿ ಬರ್ತಾಳೆ, ದಾರೀಲಿ ಸಿಗೋರೆಲ್ಲ ಇಂಥವ್ರ ಮಗು ಅಂತ ಗುರ್ತು ಹಿಡೀತಾರೆ, ಅಂಥ ಬಾಲ್ಯ ಬೆಂಗಳೂರಲ್ಲಿ ದುಡ್ಡು ಕೊಟ್ರೂ ಇಲ್ಲ. ಸಮುದ್ರದ ನೀರು ಸಿಹಿ ಮಾಡೋ ಪ್ಲಾಂಟ್ 2005ರಿಂದ ಇದೆ, ಕೇಬಲ್ಲೂ 2024ರ ಜನವರಿಲಿ ಬಂತು. ಮಲಯಾಳಂ ಅಲ್ಪಸ್ವಲ್ಪ ಬಂದ್ರೂ ಸಾಕು. ಊರಿಂದ ನೆಂಟರು ಬರ್ಬೇಕಂದ್ರೆ ಮಾತ್ರ ಪರ್ಮಿಟ್ ಬೇಕು, ಅದು ರಗಳೆ. ಆದ್ರೆ ನಿಮ್ಮತ್ತೆ ವಿಷಯದಲ್ಲಿ ಧೈರ್ಯ ಹೇಳೋಕೆ ನಂಗೆ ಮನಸ್ಸು ಬರಲ್ಲ. ಸೀರಿಯಸ್ ಆದ್ರೆ ಕೊಚ್ಚಿಗೆ ಹೆಲಿಕಾಪ್ಟರಲ್ಲೇ ಸಾಗಿಸ್ಬೇಕು, ಜೂನ್ ಜುಲೈಲಿ ಗಾಳಿ ಮಳೆ ಬಿಡ್ಬೇಕಲ್ಲ. ಪಕ್ಕದ ಮನೆ ಅಜ್ಜಿಗೆ ಎದೆನೋವು ಬಂದಾಗ ಹವಾಮಾನ ಸರಿಹೋಗ್ಲಿ ಅಂತ ಅವ್ರ ಮಗ ರಾತ್ರಿಯಿಡೀ ಆಸ್ಪತ್ರೆ ಜಗಲೀಲಿ ಕೂತಿದ್ದು ನೋಡಿದ್ದೀನಿ. ಅತ್ತೆ ಜೊತೆಗೆ ಬರೋದಾದ್ರೆ ಪೋರ್ಟ್ ಬ್ಲೇರೇ ಬರ್ಸಿ.

ಪುತ್ತೂರು_ಸುಮಾ:
ತುಂಬಾ ಥ್ಯಾಂಕ್ಸ್. ಅತ್ತೇನ ಊರಲ್ಲಿ ಬಿಟ್ಟು ಹೋಗೋ ಮಾತೇ ಇಲ್ಲ, ಹಾಗಾಗಿ ಪೋರ್ಟ್ ಬ್ಲೇರ್ ಅಂತ್ಲೇ ಬರೆಸ್ತೀನಿ. ನಂದಿನಿಯವ್ರೇ, ಕ್ವಾರ್ಟರ್ಸ್ ಸಿಗೋವರೆಗೆ ಆಸ್ಪತ್ರೆಗೆ ಹತ್ರ ಇರೋ ಏರಿಯಾದಲ್ಲಿ ಬಾಡಿಗೆ ಮನೆ ಸಿಗತ್ತಾ, ಮೆಟ್ಟಿಲು ಜಾಸ್ತಿ ಇಲ್ದೇ ಇರೋದು?