ಕಿಲುಬು ಕೆಟ್ಟದ್ದೇನಾ? ಮಣ್ಣಲ್ಲಿ ಸಿಕ್ಕ ತಾಮ್ರದ ಹಸಿರಿಗೊಂದು ಪದ ಬೇಕು

ಎಲ್ಲರಿಗೂ ನಮಸ್ಕಾರ,

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ. ನಮ್ಮೂರ ಶಾಲೆ ಮಕ್ಕಳಿಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಹೊಲ ಉಳುವಾಗ, ಪಾಯ ತೋಡುವಾಗ ಹಳೇ ನಾಣ್ಯವೋ ಗಂಟೆಯೋ ಸಿಕ್ಕರೆ ಏನು ಮಾಡಬಾರದು ಅಂತ. ಮೊದಲ ಸಾಲು ಹೀಗಿತ್ತು: "ತಾಮ್ರದ ನಾಣ್ಯದ ಕಿಲುಬನ್ನು ತಿಕ್ಕಿ ತೆಗೆಯಬೇಡಿ." ಓದಿದ ಅತ್ತೆ ನಕ್ಕುಬಿಟ್ಟರು. "ಕಿಲುಬನ್ನ ಯಾರಾದ್ರೂ ಇಟ್ಕೋತಾರೇನೋ?"

ಅವರು ಹೇಳಿದ್ದು ಸರಿ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಬಿಡುತ್ತದೆ, ಉಂಡವರಿಗೆ ವಾಂತಿ. ಮೂರು ಕಾಸಿಗೂ ಬಾಳದ್ದಕ್ಕೆ ಕಿಲುಬು ಕಾಸು ಅನ್ನುತ್ತೇವೆ. ಕಿಲುಬು ಅಂದ ತಕ್ಷಣ ಕೈ ಹುಣಸೆಹಣ್ಣಿಗೇ ಹೋಗುತ್ತದೆ.

ನನ್ನ ಕೈಯೂ ಹೋಗಿತ್ತು. ಕೊಟ್ಟಿಗೆಗೆ ಪಾಯ ತೋಡುವಾಗ ಒಂದು ಕಾಸು ಸಿಕ್ಕಿತ್ತು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಕಡು ಹಸಿರು, ಮುಟ್ಟಿದರೆ ನುಣುಪು. ಒಂದು ಕಡೆ ಆನೆ, ಇನ್ನೊಂದು ಕಡೆ "ಮಯಿಲಿ ಕಾಸು" ಅಂತ ಕನ್ನಡ ಅಕ್ಷರ. ಓದೋಕೆ ಬರುತ್ತಿತ್ತು. ರಾತ್ರಿಯಿಡೀ ಹುಣಸೆ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಬೂದಿ ಹಾಕಿ ತಿಕ್ಕಿದೆ. ಹೊಸ ಚೊಂಬಿನ ಹಾಗೆ ಕೆಂಪಗೆ ಹೊಳೆಯಿತು. ಆನೆಯ ಸೊಂಡಿಲು ಮಾತ್ರ ಇರಲಿಲ್ಲ. ಅಕ್ಷರಗಳಲ್ಲಿ ಉಳಿದದ್ದು ಒಂದು "ಮ".

ಆಮೇಲೆ ಗೊತ್ತಾಯಿತು. ಮಣ್ಣಲ್ಲಿ ಮೇಲಿನ ತಾಮ್ರವೇ ನಿಧಾನಕ್ಕೆ ಕೆಂಪು ಆಕ್ಸೈಡ್ ಆಗಿ, ಅದರ ಮೇಲೆ ಹಸಿರು ಕಾರ್ಬೊನೇಟ್ ಕಟ್ಟುತ್ತದೆ. ಟಂಕಸಾಲೆಯಲ್ಲಿ ಒತ್ತಿದ ಅಚ್ಚು ಉಳಿದಿರುವುದು ಆ ಪದರಗಳಲ್ಲೇ. ಹುಳಿ ಹಾಕಿದರೆ ಪದರದ ಜೊತೆ ಅಚ್ಚೂ ತೊಳೆದುಹೋಗುತ್ತದೆ.

ಹಾಗಂತ ಎಲ್ಲ ಹಸಿರೂ ಒಳ್ಳೇದಲ್ಲ, ತೊಡಕಿರುವುದೇ ಇಲ್ಲಿ. ಮಣ್ಣಿನ ಉಪ್ಪು ತಾಮ್ರದೊಳಗೆ ಸೇರಿದ್ದರೆ, ಹೊರಗೆ ತೆಗೆದ ಮೇಲೆ ತಿಳಿಹಸಿರು ಪುಡಿ ಏಳುತ್ತದೆ. ಉಗುರು ತಾಗಿಸಿದರೆ ಉದುರುತ್ತದೆ, ಕೆಳಗೆ ಗುಳಿ. ಆ ಉಪ್ಪಿನಿಂದ ಒಳಗೆ ಸೇರಿದ ಕ್ಲೋರೈಡಿಗೆ ಗಾಳಿ, ತೇವ ಸಿಕ್ಕರೆ ಆಮ್ಲ ಹುಟ್ಟುತ್ತದೆ, ಆ ಆಮ್ಲ ಮತ್ತೆ ತಾಮ್ರವನ್ನು ತಿನ್ನುತ್ತದೆ. ಅದಕ್ಕೇ ಇಂಥವನ್ನು ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿ, ಗಾಳಿಯ ತೇವ ಶೇ. 40ರೊಳಗೆ ಇರುವಂತೆ ಇಡುತ್ತಾರೆ. ಇಂಗ್ಲಿಷಿನವರು ಮೊದಲಿನ ನುಣುಪು ಹಸಿರಿಗೆ ಪ್ಯಾಟಿನಾ, ಈ ಪುಡಿ ಹಸಿರಿಗೆ ಬ್ರಾಂಜ್ ಡಿಸೀಸ್ ಅಂತಾರೆ. ನಮಗೆ ಎರಡೂ ಕಿಲುಬೇ.

"ತುಕ್ಕು" ಅಂತ ಹಾಕಿ ಅಂದರು ಒಬ್ಬರು. ನನಗೆ ಒಪ್ಪಿಗೆಯಿಲ್ಲ. ತುಕ್ಕು ಕಬ್ಬಿಣಕ್ಕೆ, ಕಿಲುಬು ತಾಮ್ರ, ಹಿತ್ತಾಳೆ, ಕಂಚಿಗೆ. ಅಡುಗೆಮನೆ ಬಲ್ಲವರು ಯಾರೂ ಇದನ್ನು ತಪ್ಪೋದಿಲ್ಲ. "ಕಂಚಿನ ವಿಗ್ರಹಕ್ಕೆ ತುಕ್ಕು" ಅಂತ ಈಚೆಗೆ ಬರೆಯುವುದು ಜಾಸ್ತಿಯಾಗಿದೆ, ಅಷ್ಟೆ. ತೆಲುಗಿನಲ್ಲೂ ಕಬ್ಬಿಣಕ್ಕೆ ತುಪ್ಪು, ತಾಮ್ರಕ್ಕೆ ಚಿಲುಮು. ನಮ್ಮ ಕಿವಿ ಅವರಿಗೆ ಚೆವಿ, ಕೆರೆ ಚೆರುವು ಆದ ಹಾಗೆ ಕಿಲುಬು ಚಿಲುಮು. ತಮಿಳಿನಲ್ಲಿ ಕಳಿಂಬು. (ಅಲ್ಲಿ ಮುಲಾಮಿಗೂ ಕಳಿಂಬು ಅನ್ನುತ್ತಾರೆ. ಗಾಯಕ್ಕೆ ಕಿಲುಬು ಹಚ್ಚಿದ ಹಾಗೆ ಕೇಳುತ್ತದೆ, ಅಲ್ವಾ?)

ನನಗೆ ಹೊಳೆದಿರುವುದು "ಹಸಿರು ಪೊರೆ". ಪೊರೆ ಅಂದರೆ ತೆಳು ಪದರ, ಪೊರೆ ಅಂದರೆ ಕಾಪಾಡು ಅಂತಲೂ ಹೌದು. ಈ ಹಸಿರು ಎರಡನ್ನೂ ಮಾಡುತ್ತದೆ. "ಹಸಿರು ಪೊರೆಯನ್ನು ಕೆರೆಯಬೇಡಿ" ಅಂದರೆ ಅತ್ತೆಯೂ ಒಪ್ಪಿಯಾರು. ಆದರೆ ಒಂದು ಅನುಮಾನ. ಹಾವು ಪೊರೆ ಬಿಡುತ್ತದೆ, ಕಣ್ಣಿನ ಪೊರೆಯನ್ನು ಡಾಕ್ಟರು ತೆಗೆಯುತ್ತಾರೆ. ತೆಗೆಯೋದೇ ಸರಿ ಅಂತ ಮಕ್ಕಳಿಗೆ ಅನ್ನಿಸಿಬಿಟ್ಟರೆ?

ಪುಡಿ ಏಳುವುದಕ್ಕೆ "ಕಂಚಿನ ರೋಗ" ಅಂದರೆ ತೀರಾ ಅನುವಾದದ ಹಾಗಿದೆ. ಊರಲ್ಲಿ ಒಬ್ಬರು ನೋಡಿ "ಬೂಷ್ಟು ಹಿಡಿದಿದೆ" ಅಂದರು. ನೋಡೋಕೆ ಹಾಗೇ ಇದೆ, ಪದವೂ ಚೆನ್ನಾಗಿದೆ. ಆದರೆ ಬೂಷ್ಟು ಅಂದರೆ ಬಿಸಿಲಿಗಿಟ್ಟು ಒರೆಸಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಇದು ಒರೆಸಿದರೆ ಹೋಗುವಂಥದ್ದಲ್ಲ.

ಕಂಚಿನ ಕೆಲಸಕ್ಕೆ ಹೆಸರಾದ ನಾಗಮಂಗಲದ ಕಡೆಯವರು, ಕಂಚುಗಾರರ ಅಥವಾ ಬೋಗಾರರ (ತಾಮ್ರ, ಹಿತ್ತಾಳೆ ಪಾತ್ರೆ ಕೆಲಸ, ವ್ಯಾಪಾರದವರು) ಮನೆಯವರು ಇಲ್ಲಿ ಯಾರಾದರೂ ಇದ್ದೀರಾ? ಹಳೇ ವಿಗ್ರಹದ ಗಟ್ಟಿ ಹಸಿರಿಗೂ ಪುಡಿ ಹಸಿರಿಗೂ ನಿಮ್ಮಲ್ಲಿ ಬೇರೆ ಬೇರೆ ಹೆಸರು ಇದೆಯಾ? ಇದ್ದರೆ ಯಾರ ಬಾಯಲ್ಲಿ, ಯಾವ ಊರಲ್ಲಿ ಕೇಳಿದ್ದು ಅಂತಲೂ ಬರೆಯಿರಿ. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.